ಮಲ್ಟಿಯೆಂಡಿನ ಯಕಾರ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಹತ್ತಿರ ಟೀ ಕುಡಿಯುತ್ತಿದ್ದಾಗ ನೂಲು ತೆಗೆಯುವ ರೀಲರ್ ಒಬ್ಬರು, ‘ನಮ್ದು ಚರಕ ಅಲ್ಲ ಸಾರ್, ಮಲ್ಟಿಯೆಂಡು’ ಅಂದರು. ರೇಷ್ಮೆಯ ಮಾತು ಮರೆತು ನನ್ನ ಕಿವಿ ಆ ‘ಯೆ’ಗೆ ಅಂಟಿಕೊಂಡಿತು.

ಬಿಸಿನೀರಿನ ಬಾನಿಯಿಂದ ಒಟ್ಟೊಟ್ಟಿಗೆ ಹಲವು ಎಳೆ ತೆಗೆಯುವ ಯಂತ್ರಕ್ಕೆ ಅಂಟಿದ ವಿಶೇಷಣ ಮಲ್ಟಿ-ಎಂಡ್. ಇಂಗ್ಲಿಷಿನಲ್ಲಿ ಮೂರು ಉಚ್ಚಾರಾಂಶ: ಮಲ್, ಟಿ, ಎಂಡ್. ರೀಲರ್ ಬಾಯಲ್ಲಿ ನಾಲ್ಕು: ಮಲ್, ಟಿ, ಯೆಂ, ಡು. ಮನೆ, ಅಲ್ಲಿ ಸೇರಿ ಮನೆಯಲ್ಲಿ ಆದಂತೆ ನಡುವೆ ಯಕಾರ ಬಂತು. ಬಸ್ಸು, ರೋಡುಗಳಂತೆ ಕೊನೆಗೆ ಉಕಾರ ಬಂತು. 13ನೇ ಶತಮಾನದ ವೈಯಾಕರಣ ಕೇಶಿರಾಜ ಕೇಳಿದ್ದರೆ ತಲೆದೂಗುತ್ತಿದ್ದ. ಮನೆಯಲ್ಲಿ ತೆಲುಗು ಆಡುವವರು ಈ ಕಡೆ ಬಹಳ. ಅವರ ನಾಲಿಗೆಗೂ ಇದೇ ಸಲೀಸು. ಇದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ.

ಪದ ಒಡೆಯುವಲ್ಲಿ ಮಾತ್ರ ನಮ್ಮ ಲಿಪಿ ದಾರಿ ತಪ್ಪಿಸುತ್ತದೆ. ಚಿಂತಾಮಣಿಯಲ್ಲಿ ಬಸ್ಸಿನ ಬೋರ್ಡೊಂದರ ಮೇಲೆ ‘ನಾನ್ಸ್ಟಾಪ್’ ಎಂದಿತ್ತು. ನಾನ್, ಸ್ಟಾಪ್ ನಡುವಿನ ಗೆರೆ ಒತ್ತಕ್ಷರದಡಿ ಮಾಯ. ಚಿಕ್ಕಬಳ್ಳಾಪುರವನ್ನೂ ಬರೆಯುವಾಗ ಚಿ, ಕ್ಕ ಎನ್ನುತ್ತೇವೆ. ಆಡುವಾಗ ಅದು ಚಿಕ್, ಕ. ಛಂದಸ್ಸಿನಲ್ಲಿ ಆ ಪುಟ್ಟ ‘ಚಿ’ ಗುರುವಾಗುವುದೂ ಅದಕ್ಕೇ.

ಇಂಗ್ಲಿಷ್ ಸಮಾಸದ ನಿಜವಾದ ಸೊಗಸು ಒತ್ತಿನದು. ‘ಈ ಬಸ್ಸು ನಾನ್-ಸ್ಟಾಪ್’ ಎಂಬರ್ಥದ ವಾಕ್ಯದ ಕೊನೆಯಲ್ಲಿ ಬಂದರೆ ಭಾರ ‘ಸ್ಟಾಪ್’ ಮೇಲೆ. ‘ನಾನ್-ಸ್ಟಾಪ್ ಬಸ್’ ಎಂದಾಗ ಅದು ಹಿಂದಕ್ಕೆ ಸರಿದು ‘ನಾನ್’ ಮೇಲೆ ಕೂರುತ್ತದೆ. ಇಲ್ಲವಾದರೆ ಸ್ಟಾಪ್, ಬಸ್ ಎಂದು ಎರಡು ಪೆಟ್ಟು ಒಂದರ ಬೆನ್ನಿಗೊಂದು ಬಿದ್ದು ನಡಿಗೆ ಎಡವುತ್ತದೆ. ಸೆಕೆಂಡ್-ಹ್ಯಾಂಡ್ ಕಾರಿಗೂ ಇದೇ ನ್ಯಾಯ. ಬಾಗಿಲಲ್ಲಿ ಜೋತುಬಿದ್ದು ‘ನಾಆಆನ್‌ಸ್ಟಾಪ್ ಬೆಂಗ್ಳೂರ್’ ಎಂದು ಕೂಗುವ ಕಂಡಕ್ಟರ್ ಇದನ್ನು ಯಾವ ನಿಘಂಟಿನಲ್ಲೂ ಓದಿರಲಾರ.

ನನಗೆ ಸಹಿಸಲಾಗದ್ದು ‘ಹಾಫ್ ಬೇಕೆಡ್’. ಅದು ಹಾಫ್-ಬೇಕ್ಟ್, ಎರಡೇ ಉಚ್ಚಾರಾಂಶ. ಹಿಂದೆ ಟ್ ಅಥವಾ ಡ್ ಇದ್ದರಷ್ಟೇ ಕೊನೆಯ ‘ಎಡ್’ಗೆ ಪ್ರತ್ಯೇಕ ಉಸಿರು: ಶಾರ್ಟ್-ಸೈಟೆಡ್, ಕೋಲ್ಡ್-ಬ್ಲಡೆಡ್. ಕೆಲವು ಪದಗಳು ಈ ನಿಯಮಕ್ಕೂ ಸೊಪ್ಪು ಹಾಕವು. ವಯಸ್ಸಾದವರನ್ನು ಕುರಿತು ನಾಮಪದದ ಮುಂದೆ ಬಂದರೆ ‘ಏಜಿಡ್’, ಎರಡು ಉಚ್ಚಾರಾಂಶ. ‘ಮಿಡಲ್’ ಜೊತೆ ಸೇರಿದೊಡನೆ ಅದೇ ಪದ ಕುಗ್ಗಿ ಬರೀ ‘ಏಜ್ಡ್’.

ಇದು ತಿಳಿಯುವ ಮೊದಲು ಗೌರಿಬಿದನೂರಿನ ಸಭೆಯೊಂದರಲ್ಲಿ ನಾನು ಮೈಕ್ ಹಿಡಿದು, ನಮ್ಮಂಥ ಮಿಡಲ್ ಏಜೆಡ್ ಜನ ಎಂದು ಹತ್ತು ಸಲವಾದರೂ ಹೇಳಿದ್ದೆ. ಯಾರೂ ನಗಲಿಲ್ಲ. ವಂದನಾರ್ಪಣೆ ಮಾಡಿದವರೂ ಏಜೆಡ್ ಎಂದೇ ಅಂದರು.