ನಡುರಾತ್ರಿ ಎಬ್ಬಿಸಿ ಕೂರಿಸುವ ಕೈ ಯಾರದು?

ಹೇಮಂತ್ ಎಂ. ರಾವ್ ನಿರ್ದೇಶನದ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ಚಿತ್ರದಲ್ಲಿ ಮರೆವಿನ ರೋಗಕ್ಕೆ ತುತ್ತಾದ ವೆಂಕೋಬರಾವ್ ಬೆಂಗಳೂರಿನ ಒಂದು ಆರೈಕೆ ಕೇಂದ್ರದಲ್ಲಿರುತ್ತಾರೆ. ಉದ್ಯೋಗದ ಬೆನ್ನು ಹತ್ತಿದ ಮಗ ಒಂದು ದಿನ ಬಂದು ತಂದೆಯನ್ನು ಹೊರಗೆ ಕರೆದೊಯ್ಯುತ್ತಾನೆ. ಅವನ ಅಲಕ್ಷ್ಯದಿಂದಾಗಿ ಅವರು ಕಾಣೆಯಾಗುತ್ತಾರೆ. ಕಾಣೆಯಾದವರ ಪ್ರಕಟಣೆಯ ಮಾತೇ ಚಿತ್ರದ ಹೆಸರು. ಅನಂತ್ ನಾಗ್ ಅವರ ಅಭಿನಯವನ್ನು ಎಲ್ಲರೂ ಕೊಂಡಾಡಿದರು, ಅದು ಸರಿಯೇ. ಆದರೆ ಈ ಚಿತ್ರದ ಇನ್ನೊಂದು ಗುಣದ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ಹೆತ್ತವರನ್ನು ಆರೈಕೆ ಕೇಂದ್ರದಲ್ಲಿ ಇಡುವುದೇ ಒಂದು ಅಪರಾಧ ಎಂದು ಅದು ಹೇಳುವುದಿಲ್ಲ. ತಂದೆ ತಪ್ಪಿಸಿಕೊಳ್ಳುವುದು ಮಗನ ಕೈಯಿಂದ.

ಅದಕ್ಕಿಂತ ಹಿಂದಿನ ನಮ್ಮ ಚಿತ್ರಗಳು ಹೀಗಿರಲಿಲ್ಲ. ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ (1958) ಚಿತ್ರದಲ್ಲಿ ಮಕ್ಕಳು ತಂದೆಯನ್ನೊಂದು ಕಡೆ, ತಾಯಿಯನ್ನೊಂದು ಕಡೆ ಹಂಚಿಕೊಳ್ಳುತ್ತಾರೆ. ಕೊನೆಗೆ ಕೈಹಿಡಿಯುವವನು ಮೇಷ್ಟ್ರ ಹಳೆಯ ಶಿಷ್ಯ. ಸುಮಾರು ಅರ್ಧ ಶತಮಾನದ ಬಳಿಕ, ಹಿಂದಿಯ ‘ಬಾಗಬಾನ್’ (2003) ಎಳೆಯನ್ನೇ ಹಿಡಿದು ಬಂದ ವಿಷ್ಣುವರ್ಧನ್–ಜಯಪ್ರದಾ ಜೋಡಿಯ ‘ಈ ಬಂಧನ’ (2007) ಕೂಡ ಅದೇ ಹಂಚಿಕೆಯ ಕಥೆ. ಎರಡನ್ನೂ ನೋಡಿ ಅತ್ತವರು ಅನೇಕರು. ಆ ಕಣ್ಣೀರನ್ನು ನಾವು ಹಗುರಾಗಿ ಕಾಣುತ್ತಿಲ್ಲ. ಆದರೆ ಈ ಚಿತ್ರಗಳ ಹಿರಿಯರನ್ನು ಒಮ್ಮೆ ಸರಿಯಾಗಿ ಗಮನಿಸಿ. ಅವರು ನಡೆಯಬಲ್ಲರು, ಉಣ್ಣಬಲ್ಲರು, ವಾದಿಸಬಲ್ಲರು. ಅವರಿಗೆ ಬೇಕಾಗಿರುವುದು ಮರ್ಯಾದೆ ಮತ್ತು ಪರಸ್ಪರ ಸಾಂಗತ್ಯ. ಸ್ನಾನ ಮಾಡಿಸುವ, ಮಾತ್ರೆ ಕೊಡುವ, ರಾತ್ರಿ ಮೂರು ಗಂಟೆಗೆ ಎಬ್ಬಿಸಿ ಪಾಯಿಖಾನೆಗೆ ನಡೆಸುವ ಕೈಗಳು ಅವರಿಗೆ ಬೇಕಿಲ್ಲ. ವೃದ್ಧಾಪ್ಯವೆಂದರೆ ಮಕ್ಕಳ ಕೃತಘ್ನತೆ ಎಂಬುದಷ್ಟೇ ಅಲ್ಲಿನ ತಿಳಿವಳಿಕೆ.

ಇಂಥ ಕಥೆಗಳಲ್ಲಿ ಖಳಪಾತ್ರ ಬಹುತೇಕ ಸೊಸೆಯ ಪಾಲಿಗೆ ಬರುತ್ತದೆ. ಮನೆಮನೆಯಲ್ಲಿ ನಡೆಯುವುದೇನು? ಹೆತ್ತವರ ಮುಂದೆ ಬೇಸರದ ಒಂದು ಉಸಿರೂ ಹೊರಬರಬಾರದೆಂದು ಕುರ್‌ಆನ್ ಮಕ್ಕಳಿಗೆ ತಾಕೀತು ಮಾಡುತ್ತದೆ. ಇತರ ಧರ್ಮಗಳ ಮಾತೂ ಬೇರೆಯಲ್ಲ. ಆ ತಾಕೀತಿನ ಬಗ್ಗೆ ವೇದಿಕೆಯ ಮೇಲೆ ಮಾತಾಡುವವನು ಮಗ. ಖಿದ್ಮತ್ತು ಮಾಡುವವಳು ಅವನ ಹೆಂಡತಿ. ಅತ್ತೆ-ಮಾವಂದಿರ ಹಾಸಿಗೆ ಬದಲಿಸುವ ಆ ಹೆಣ್ಣುಮಗಳ ಸೊಂಟನೋವಿನ ಬಗ್ಗೆ ನಮ್ಮಲ್ಲಿ ಚಿತ್ರ ಬರಲಿಲ್ಲ. ಹೊಣೆ ಹೊರಬೇಕಾದವರನ್ನು ಬಿಟ್ಟು ಹೊತ್ತವರನ್ನೇ ದೂರುವ ಈ ರೂಢಿಯನ್ನು ಪ್ರಶ್ನಿಸದೆ ‘ಕುಟುಂಬ ಮೌಲ್ಯ’ದ ಮಾತಾಡುವುದು ಪ್ರಾಮಾಣಿಕವಲ್ಲ.

ಇದು ಬೆಂಗಳೂರಿನ ಸಮಸ್ಯೆ, ನಮ್ಮ ಕಡೆಯದಲ್ಲ ಎನ್ನುವವರಿದ್ದಾರೆ. ಬಾಗಲಕೋಟೆಯನ್ನೇ ನೋಡೋಣ. ಆಲಮಟ್ಟಿಯ ಹಿನ್ನೀರು ಹಳೇ ಊರಿನ ಓಣಿಗಳನ್ನು ನುಂಗಿದ ಮೇಲೆ ಜನ ನವನಗರದ ಸೆಕ್ಟರುಗಳಿಗೆ ಬಂದರು. ಹಳೇ ಓಣಿಯಲ್ಲಿ ಕಟ್ಟೆಯ ಮೇಲೆ ಕುಳಿತ ಮುದುಕನಿಗೆ ಹತ್ತು ಮನೆಯವರ ಕಣ್ಣು ಕಾವಲಿರುತ್ತಿತ್ತು. ಕಾಂಪೌಂಡಿನೊಳಗಿನ ಹೊಸ ಮನೆಯಲ್ಲಿ ಆ ಕಾವಲು ಸಿಗುವುದು ಕಷ್ಟ. ಬಾದಾಮಿ, ಹುನಗುಂದ ಕಡೆಯ ಹಳ್ಳಿಗಳಿಂದ ಗೋವಾ, ಮಂಗಳೂರುಗಳಿಗೆ ದುಡಿಯಲು ಹೋದವರು ಊರಲ್ಲಿ ಬಿಟ್ಟುಹೋಗುವುದು ಮುದುಕರನ್ನು, ಕೆಲವೊಮ್ಮೆ ಅವರ ಮಡಿಲಿಗೆ ಮೊಮ್ಮಕ್ಕಳನ್ನು. ಇಳಕಲ್ಲಿನ ನೇಕಾರರ ಮನೆಗಳಲ್ಲಿ ಕುಣಿಮಗ್ಗದಲ್ಲಿ ಕಾಲಿಳಿಸಿ ಆಯುಷ್ಯ ಸವೆಸಿದವರಿಗೆ ಮೊಣಕಾಲು ಕೈಕೊಡುತ್ತದೆ. ಆದರೂ ಅಜ್ಜಿ ಮೂಲೆಯಲ್ಲಿ ಕುಳಿತು ಕಂಡಿಕೆ ಸುತ್ತುತ್ತಿರುತ್ತಾಳೆ. ಅವಳಿಗೆ ಏಳಲು ಕೈ ಬೇಕು, ಸುತ್ತಲು ಬೇಡ.

ಈ ಅಜ್ಜಿಗೆ ಬೇಕಾದದ್ದೇ ಅಸಿಸ್ಟೆಡ್ ಲಿವಿಂಗ್ ಎಂಬ ಮಾತಿನ ತಿರುಳು. ಕನ್ನಡದಲ್ಲಿ ಇದನ್ನು ‘ನೆರವಿನ ವಾಸ’ ಎನ್ನಬಹುದು. ಇದು ಅನಾಥರಾದ ವೃದ್ಧರಿಗಾಗಿ ನಡೆಸುವ ಆಶ್ರಮವೂ ಅಲ್ಲ, ಆಸ್ಪತ್ರೆಯೂ ಅಲ್ಲ. ಸ್ವಂತ ಕೋಣೆಯಲ್ಲಿ, ಸ್ವಂತ ಸಾಮಾನಿನ ನಡುವೆ ಬದುಕುತ್ತಾ ಸ್ನಾನ, ಉಡುಪು, ಊಟ, ಔಷಧಿಗಳಲ್ಲಿ ಎಷ್ಟು ಬೇಕೋ ಅಷ್ಟೇ ನೆರವು ಪಡೆಯುವ ವ್ಯವಸ್ಥೆ. ಅಮೆರಿಕದ ಕೆರೆನ್ ಬ್ರೌನ್ ವಿಲ್ಸನ್ ಎಂಬ ಮಹಿಳೆ 1983ರಲ್ಲಿ ಪೋರ್ಟ್‌ಲ್ಯಾಂಡಿನಲ್ಲಿ 112 ಮನೆಗಳ ಇಂಥ ವಸತಿಯೊಂದನ್ನು ತೆರೆದರು. 55ನೇ ವಯಸ್ಸಿಗೆ ಪಾರ್ಶ್ವವಾಯು ಬಡಿದ ಅವರ ತಾಯಿ ನರ್ಸಿಂಗ್ ಹೋಮುಗಳಲ್ಲಿ ವರ್ಷಗಟ್ಟಲೆ ನರಳಿದ್ದರು. ತನ್ನದೇ ಬಾಗಿಲು, ಅದಕ್ಕೊಂದು ಚಿಲಕ: ಆ ತಾಯಿ ಬಯಸಿದ್ದು ಇಂಥ ಸಣ್ಣ ಸಂಗತಿಗಳನ್ನು.

ವೈದ್ಯ-ಲೇಖಕ ಅತುಲ್ ಗವಾಂಡೆ ತಮ್ಮ ‘ಬೀಯಿಂಗ್ ಮಾರ್ಟಲ್’ (2014) ಕೃತಿಯಲ್ಲಿ ಈ ಕಥೆಯನ್ನು ಹೇಳಿ ಅಲ್ಲಿಗೇ ನಿಲ್ಲುವುದಿಲ್ಲ. ಮುಂದೆ ಅದೇ ಹೆಸರಿನಲ್ಲಿ ಎದ್ದ ಎಷ್ಟೋ ಕಟ್ಟಡಗಳಲ್ಲಿ ಮೂಲ ಆಶಯ ಕಳೆದುಹೋಯಿತು. ಹಣ ಕೊಡುವ ಮಕ್ಕಳ ಮನಸ್ಸಿಗೆ ಸಮಾಧಾನವಾಗುವಂತೆ ಅವುಗಳನ್ನು ಕಟ್ಟಲಾಯಿತು. ಒಳಗೆ ಬದುಕಬೇಕಾದವರ ಇಷ್ಟವನ್ನು ಯಾರೂ ಕೇಳಲಿಲ್ಲ. ಈ ಟೀಕೆ ನಮ್ಮ ಚಿತ್ರಗಳಿಗೂ ಅಷ್ಟೇ ಅನ್ವಯಿಸುತ್ತದೆ ಎಂದು ನಮಗನಿಸುತ್ತದೆ. ಅವೂ ಮಕ್ಕಳಿಗಾಗಿ ಮಾಡಿದ ಚಿತ್ರಗಳೇ. ಅತ್ತು ಮನಸ್ಸು ಹಗುರಾಗಿಸಿಕೊಳ್ಳುವವನು ಮಗ. ‘ಗೋಧಿ ಬಣ್ಣ’ ಕೂಡ ಇದನ್ನು ಪೂರ್ತಿ ಮೀರಲಿಲ್ಲ. ಕಥೆ ಅಪರಾಧಿಗಳ ಬೆನ್ನು ಹತ್ತಿದಂತೆ ಆರೈಕೆ ಕೇಂದ್ರ ಹಿಂದೆ ಸರಿಯುತ್ತದೆ, ಮಗನ ಪಶ್ಚಾತ್ತಾಪ ಮುಂದೆ ಬರುತ್ತದೆ.

ಕಾನೂನು ಏನು ಹೇಳುತ್ತದೆ? ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ (2007) ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿ ಮೀರದ ಜೀವನಾಂಶ ಕೊಡಿಸುತ್ತದೆ. ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ವೃದ್ಧರಿಗೆ ವಸತಿ ಕಲ್ಪಿಸುವ ಮಾತನ್ನೂ ಆಡುತ್ತದೆ. ಹಾಗೆ ನೋಡಿದರೆ ಕಾಯ್ದೆಯ ಕಣ್ಣಿಗೆ ಬೀಳುವುದೂ ಕೈಬಿಟ್ಟ ಮಕ್ಕಳು ಮತ್ತು ನಿರ್ಗತಿಕರೇ. ಮಕ್ಕಳು ಒಳ್ಳೆಯವರಿದ್ದು, ಆದರೂ ಎತ್ತಿ ಕೂರಿಸಲು ಮನೆಯಲ್ಲಿ ಕೈಗಳಿಲ್ಲದ ಕುಟುಂಬಕ್ಕೆ ಅಲ್ಲಿ ದಾರಿಯಿಲ್ಲ. ಆರೈಕೆ ಮನೆಗಳಿಗೆ ನೋಂದಣಿ ಮತ್ತು ಕನಿಷ್ಠ ಗುಣಮಟ್ಟ ವಿಧಿಸುವ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು. 2024ರಲ್ಲಿ ಆ ಸಭೆಯ ಅವಧಿಯೊಂದಿಗೆ ಅದೂ ಮುಗಿದುಹೋಯಿತು. ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2023ರ ವರದಿಯ ಪ್ರಕಾರ ದೇಶದಲ್ಲಿ ಅರುವತ್ತು ದಾಟಿದವರು 2022ರಲ್ಲಿ ಸುಮಾರು 14.9 ಕೋಟಿ, 2050ಕ್ಕೆ ಐವರಲ್ಲೊಬ್ಬರು. ಆದರೆ ನೆರವಿನ ವಾಸಗಳು ಏಳುತ್ತಿರುವುದು ಹೆಚ್ಚಾಗಿ ದೊಡ್ಡ ನಗರಗಳ ಸುತ್ತ, ಉಳ್ಳವರಿಗಾಗಿ. ಇಳಕಲ್ಲಿನ ನೇಕಾರನ ಪಾಲಿಗೆ ಅವು ಜಾಹೀರಾತು ಮಾತ್ರ.

ಹಾಗೆಂದು ಎಲ್ಲರೂ ಹೆತ್ತವರನ್ನು ಹೊರಗೆ ಕಳಿಸಿ ಎಂದು ನಾವು ಹೇಳುತ್ತಿಲ್ಲ. ನೆರವು ಮನೆಗೇ ಬರಬಹುದು. ತರಬೇತಿ ಪಡೆದ, ನ್ಯಾಯವಾದ ಕೂಲಿ ಸಿಗುವ ಆರೈಕೆಯವರು ಓಣಿಗೆ ಇಬ್ಬರಿದ್ದರೂ ಎಷ್ಟೋ ಸೊಸೆಯಂದಿರು ರಾತ್ರಿ ನಿದ್ದೆ ಮಾಡಿಯಾರು. ಹಗಲು ಹೊತ್ತು ಹಿರಿಯರು ಕೂಡಿ ಕೂರುವ, ಊಟ-ಔಷಧಿ ಸಿಗುವ ಒಂದು ಜಾಗವನ್ನು ಜಮಾತುಗಳು, ಮಠಗಳು, ನೇಕಾರರ ಸಂಘಗಳು ಸೇರಿ ನಡೆಸಲು ದೊಡ್ಡ ಬಂಡವಾಳವೇನೂ ಬೇಡ.

ಹೊರಗಿನ ವಸತಿಯೇ ಅನಿವಾರ್ಯವಾದರೆ ಕಟ್ಟಡದ ಹೊಳಪಿಗೆ ಮರುಳಾಗಬಾರದು. ರಾತ್ರಿ ಎಚ್ಚರವಿರುವವರು ಎಷ್ಟು ಜನ? ಮರೆವು ಹೆಚ್ಚಾದರೆ ಇಟ್ಟುಕೊಳ್ಳುತ್ತಾರೋ, ವಾಪಸು ಕಳಿಸುತ್ತಾರೋ? ಠೇವಣಿ ಹಿಂದಿರುಗಿಸುವ ಬಗ್ಗೆ ಕರಾರಿನಲ್ಲಿ ಏನಿದೆ? ಹೇಳದೆ ಕೇಳದೆ ಹೋಗಿ ಭೇಟಿ ಮಾಡಬಹುದೇ? ಕುಳಿತಲ್ಲೇ ವುಜೂ ಮಾಡಲು ನೀರು, ಒಪ್ಪುವ ಊಟ, ನಮ್ಮ ಕಡೆಯ ಮಾತು ತಿಳಿಯುವ ಒಬ್ಬರಾದರೂ ಇದ್ದಾರೆಯೇ? ಇದನ್ನೆಲ್ಲ ಮೊದಲೇ ಕೇಳಬೇಕು.

ಅದಕ್ಕೂ ಮೊದಲು ಕೇಳಬೇಕಾದ ಒಂದು ಪ್ರಶ್ನೆಯಿದೆ. ಅದನ್ನು ಕೇಳಬೇಕಾದದ್ದು ವಸತಿಯವರನ್ನಲ್ಲ. ‘ಅಬ್ಬಾ, ನಿಮಗೆ ಎಲ್ಲಿ, ಹೇಗೆ ಇರಬೇಕು ಅನಿಸ್ತದ?’ ಎಂದು ತಂದೆಯ ಎದುರು ಕುಳಿತು ಕೇಳುವ ಮಗನ ಕಥೆಯನ್ನು ನಮ್ಮ ಸಿನಿಮಾ ಇನ್ನೂ ಹೇಳಬೇಕಾಗಿದೆ. ನಮ್ಮ ಮನೆಗಳಲ್ಲಿ ಅದಕ್ಕಾಗಿ ಕಾಯುವ ಅಗತ್ಯವಿಲ್ಲ.