ಗಾಯಕಿಯೂ ಪಿಯಾನೊವಾದಕರೂ

ಸೊಪ್ರಾನೊ ಗಾಯಕಿ ಎಲಿಜಬೆತ್ ಶ್ವಾರ್ಟ್ಸ್‌ಕೋಫ್ (1915–2006) ಅವರ ಕೀರ್ತಿಯನ್ನು ವಿಸ್ತರಿಸುವವರು, ಅವರ ಕಛೇರಿಗಳಲ್ಲಿ ಪಿಯಾನೊ ನುಡಿಸಿದ ಜೆರಾಲ್ಡ್ ಮೂರ್ (1899–1987) ಅವರನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ಇದು ನ್ಯಾಯವಲ್ಲ. ಪಕ್ಕವಾದ್ಯವೆಂಬ ನಮ್ಮ ಹೆಸರೂ ಇಲ್ಲಿಗೆ ಒಪ್ಪದು. ಪಕ್ಕವಾದ್ಯವು ಗಾನವನ್ನು ಅನುಸರಿಸತಕ್ಕದ್ದು, ಇಲ್ಲಿಯಾದರೋ ಪಿಯಾನೊವಿನ ಭಾಗವನ್ನೂ ಗೀತಕರ್ತನೇ ಬರೆದಿಟ್ಟಿರುವನು. ಹ್ಯೂಗೋ ವೋಲ್ಫನ ಗೀತಗಳಲ್ಲಂತೂ ಕಂಠವು ನಿಂತಮೇಲೂ ಕವಿತೆಯ ಭಾವವನ್ನು ವಾದ್ಯವೇ ಮುಂದುವರಿಸುವುದುಂಟು. ಈಕೆ ಪದಪದಕ್ಕೂ ಬೇರೆ ಬಣ್ಣವನ್ನು ಕೊಡುವರು. ಆ ಕುಶಲತೆ ಕೆಲವೆಡೆ ಅತಿಯಾಯಿತೆಂಬ ಆಕ್ಷೇಪವನ್ನು ನಾವೂ ಒಪ್ಪುತ್ತೇವೆ. ಅಂತಹ ಎಡೆಗಳಲ್ಲಿಯೂ ಗೀತವು ಚೂರಾಗದೆ ಉಳಿದುದು ಮೂರ್ ಅವರ ಲಯದಾರ್ಢ್ಯದಿಂದ. 1967ರ ಫೆಬ್ರವರಿ 20ರಂದು ಲಂಡನ್ನಿನಲ್ಲಿ ನಡೆದ ಅವರ ವಿದಾಯದ ಕಛೇರಿಯಲ್ಲಿ ಈಕೆಯೂ ಇತರ ಇಬ್ಬರೂ ಹಾಡಿದರು. ಕಟ್ಟಕಡೆಗೆ ಮೂರ್ ಒಬ್ಬರೇ ಕುಳಿತು ಶೂಬರ್ಟನ ಗೀತವೊಂದನ್ನು ಕಂಠವಿಲ್ಲದೆಯೇ ನುಡಿಸಿದರು.