ಜಗಲಿ, ಉತ್ಸವ, ಜಮೀನು

ಫ್ಲಾರಿಡಾ ರಾಜ್ಯದ ಈಟನ್‌ವಿಲ್ ಎಂಬ ಪುಟ್ಟ ಊರಿನಲ್ಲಿ ವರ್ಷವರ್ಷ ನಡೆಯುವ ಜೋರಾ ನೀಲ್ ಹರ್ಸ್ಟನ್ ಉತ್ಸವ ಹುಟ್ಟಿದ್ದು ರಸ್ತೆಯ ಜಗಳದಿಂದ. ಊರಿನ ನಡುವೆ ಹಾಯುವ ಎರಡು ಪಥದ ರಸ್ತೆಯನ್ನು ಐದು ಪಥಕ್ಕೆ ಅಗಲಿಸುವ ಯೋಜನೆಯನ್ನು ಆರೆಂಜ್ ಕೌಂಟಿಯ ಆಡಳಿತ 1987ರಲ್ಲಿ ಮುಂದಿಟ್ಟಿತು. ಅದಾಗಿದ್ದರೆ ಉಳಿದಿದ್ದ ಹಳೆಯ ಊರು ಟಾರಿನಡಿ ಹೋಗುತ್ತಿತ್ತು. ಊರವರು ಸಂರಕ್ಷಣಾ ಸಂಘ ಕಟ್ಟಿಕೊಂಡರು. ಈ ಊರಿಗೂ ಒಂದು ಚರಿತ್ರೆಯಿದೆ ಎಂದು ಕಚೇರಿಗಳಿಗೆ ಮನವರಿಕೆ ಮಾಡಿಕೊಡಲು ಅವರಿಗೆ ಸಿಕ್ಕ ದೊಡ್ಡ ಸಾಕ್ಷಿಯೆಂದರೆ ಅಲ್ಲಿ ಬೆಳೆದ ಲೇಖಕಿ ಹರ್ಸ್ಟನ್. ಮೊದಲ ಉತ್ಸವ 1990ರಲ್ಲಿ ನಡೆಯಿತು. ರಸ್ತೆ ಆಗ ಅಗಲವಾಗಲಿಲ್ಲ.

ಕಪ್ಪು ಜನರ ಕಲೆ, ಕಥನ, ಪರಂಪರೆಗಳನ್ನು ಮೆರೆಸುವ ಊರಹಬ್ಬಗಳು ಇಂದು ಅಮೆರಿಕದ ಉದ್ದಗಲಕ್ಕೂ ಇವೆ. ಅವುಗಳನ್ನು ಒಂದು ಪಂಥವೆಂದು ಎಣಿಸಿ ಬೆಲೆ ಕಟ್ಟಬೇಕಾದರೆ ಈಟನ್‌ವಿಲ್‌ನಿಂದಲೇ ಆರಂಭಿಸುವುದು ನ್ಯಾಯ. ಈ ಪಂಥದ ಶಕ್ತಿ, ದೌರ್ಬಲ್ಯ ಎರಡೂ ಅಲ್ಲಿ ಕಣ್ಣಿಗೆ ಬೀಳುತ್ತವೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಈ ಉತ್ಸವಗಳು ಒಳ್ಳೆಯ ವಕೀಲರು, ಸಾಧಾರಣ ಕಥೆಗಾರರು.

ಈಟನ್‌ವಿಲ್ 1887ರಲ್ಲಿ ಇಪ್ಪತ್ತೇಳು ಕಪ್ಪು ಗಂಡಸರು ಸೇರಿ ಕಾನೂನುಬದ್ಧವಾಗಿ ಸ್ಥಾಪಿಸಿಕೊಂಡ ಊರು. ಗುಲಾಮಗಿರಿ ಮುಗಿದು ಕಾಲು ಶತಮಾನವೂ ಆಗಿರಲಿಲ್ಲ. ಮೇಯರ್ ಕಪ್ಪಿನವ, ಅಂಗಡಿಯವ ಕಪ್ಪಿನವ, ಮೇಷ್ಟರೂ ಕಪ್ಪಿನವರೇ. ಜೋರಾ 1891ರಲ್ಲಿ ಅಲಬಾಮಾದಲ್ಲಿ ಹುಟ್ಟಿ ಎಳವೆಯಲ್ಲೇ ಇಲ್ಲಿಗೆ ಬಂದವಳು. ಆದರೆ ತಾನು ಹುಟ್ಟಿದ್ದೂ ಇಲ್ಲೇ ಎಂದು ಬದುಕಿಡೀ ಹೇಳಿಕೊಂಡಳು, ವಯಸ್ಸನ್ನೂ ಹತ್ತು ವರ್ಷ ಇಳಿಸಿಕೊಂಡಳು. ಬುರುಡೆ ಬಿಡುವುದನ್ನೇ ವಿದ್ಯೆಯಾಗಿ ಕಲಿಸಿದ ಊರಿನ ಮಗಳಿಗೆ ಅಷ್ಟು ಸಲಿಗೆ ಇರಲಿ.

ಆ ವಿದ್ಯೆಯ ಪಾಠಶಾಲೆ ಜೋ ಕ್ಲಾರ್ಕ್ ಎಂಬವನ ಅಂಗಡಿಯ ಜಗಲಿ. ಸಂಜೆ ಕೆಲಸ ಮುಗಿಸಿ ಬಂದವರು ಅಲ್ಲಿ ಕುಳಿತು ಒಬ್ಬರ ಮೇಲೊಬ್ಬರು ಕಥೆ ಹೇರುತ್ತಿದ್ದರು. ದೇವರನ್ನು ಬಿಡುತ್ತಿರಲಿಲ್ಲ, ಪಾದ್ರಿಯನ್ನು ಬಿಡುತ್ತಿರಲಿಲ್ಲ, ಪಕ್ಕದಲ್ಲಿ ಕುಳಿತವನನ್ನಂತೂ ಬಿಡುತ್ತಲೇ ಇರಲಿಲ್ಲ. ಒಬ್ಬ ಹೇಳುತ್ತಿದ್ದಂತೆಯೇ ಇನ್ನೊಬ್ಬ ಬಾಯಿ ಹಾಕುತ್ತಾನೆ, ಮೂರನೆಯವ ಅದಕ್ಕಿಂತ ದೊಡ್ಡದೊಂದನ್ನು ಬಿಡಲು ಕಾದಿರುತ್ತಾನೆ. ಕೇಳುಗ ಎಂಬ ಬೇರೆ ಜಾತಿಯೇ ಅಲ್ಲಿಲ್ಲ. ಹರ್ಸ್ಟನ್ 1935ರಲ್ಲಿ ಪ್ರಕಟಿಸಿದ ‘ಮ್ಯೂಲ್ಸ್ ಅಂಡ್ ಮೆನ್’ ಜಾನಪದ ಸಂಗ್ರಹಗಳ ಸಾಲಿನಲ್ಲಿ ಬೇರೆಯಾಗಿ ನಿಲ್ಲುವುದು ಈ ಕಾರಣಕ್ಕೆ. ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್‌ನ ಶಿಷ್ಯೆಯಾಗಿದ್ದ ಅವಳು ಕಥೆಗಳನ್ನು ಕಿತ್ತು, ತೊಳೆದು, ಸಂಖ್ಯೆ ಹಚ್ಚಿ ಜೋಡಿಸಬಹುದಿತ್ತು. ಬದಲಿಗೆ ಕಥೆಯ ಹಿಂದುಮುಂದಿನ ಕೀಟಲೆ, ಮುನಿಸು, ಗಂಡುಹೆಣ್ಣಿನ ಕೊಂಕುಮಾತು ಎಲ್ಲವನ್ನೂ ಉಳಿಸಿಕೊಂಡಳು. ಕಥೆಯ ಜೀವ ಅದರ ಸುತ್ತಲಿನ ಜಗಳದಲ್ಲಿದೆ ಎಂಬುದು ಅವಳ ಕಾಣ್ಕೆ.

ಉತ್ಸವದ ವೇದಿಕೆಯಲ್ಲಿ ಇಲ್ಲವಾಗುವುದು ಈ ಜಗಳವೇ. ಮೈಕಿನ ಮುಂದೆ ಒಬ್ಬರು, ಕುರ್ಚಿಗಳಲ್ಲಿ ನೂರಾರು ಮಂದಿ, ಕೈಯಲ್ಲಿ ಕಾರ್ಯಕ್ರಮ ಪಟ್ಟಿ. ಕರೆ-ಓಗೊಡುವಿಕೆಯ ಪದ್ಧತಿ ಇದೆ ನಿಜ. ಕಥೆಗಾರ ಕೂಗಿದರೆ ಸಭೆ ಓಗೊಡುತ್ತದೆ. ಆದರೆ ಓಗೊಡುವುದು ಬೇರೆ, ಎದುರುತ್ತರ ಕೊಡುವುದು ಬೇರೆ. ಜಗಲಿಯ ಮೇಲೆ ಸೋಲುವ ಭಯವಿತ್ತು. ವೇದಿಕೆಯ ಮೇಲೆ ಯಾರೂ ಸೋಲುವುದಿಲ್ಲ, ಎಲ್ಲರಿಗೂ ಚಪ್ಪಾಳೆ.

ಈ ಇಕ್ಕಟ್ಟು ಉತ್ಸವದವರು ಹುಟ್ಟುಹಾಕಿದ್ದಲ್ಲ. ಹರ್ಸ್ಟನ್‌ಳೇ ಮೊದಲು ಅದಕ್ಕೆ ಸಿಕ್ಕಿಬಿದ್ದವಳು. 1932ರ ಜನವರಿಯಲ್ಲಿ ನ್ಯೂಯಾರ್ಕಿನ ಜಾನ್ ಗೋಲ್ಡನ್ ಥಿಯೇಟರಿನಲ್ಲಿ ‘ದಿ ಗ್ರೇಟ್ ಡೇ’ ಎಂಬ ಜಾನಪದ ಪ್ರಯೋಗವನ್ನು ಅವಳು ರಂಗಕ್ಕೆ ತಂದಳು. ರೈಲು ಹಳಿ ಹಾಕುವ ಕೂಲಿಗಳ ಬಿಡಾರದಲ್ಲಿ ಬೆಳಗಿನಿಂದ ರಾತ್ರಿಯವರೆಗಿನ ಒಂದು ದಿನ: ದುಡಿಮೆಯ ಹಾಡು, ಪ್ರವಚನ, ಕೊನೆಗೆ ಬಹಾಮಾ ದ್ವೀಪದವರ ಬೆಂಕಿ ಕುಣಿತ. ವಿಮರ್ಶಕರು ಮೆಚ್ಚಿದರು, ದುಡ್ಡು ಹುಟ್ಟಲಿಲ್ಲ. ಅದಕ್ಕೆ ಹಣ ಕೊಟ್ಟ ಶ್ರೀಮಂತ ಬಿಳಿ ಮಹಿಳೆ ಷಾರ್ಲಟ್ ಆಸ್‌ಗುಡ್ ಮೇಸನ್, ಹರ್ಸ್ಟನ್ ಸಂಗ್ರಹಿಸಿದ ಸಾಮಗ್ರಿಯ ಮೇಲೆ ಕರಾರು ಬರೆಸಿಕೊಂಡು ಹತೋಟಿ ಇಟ್ಟುಕೊಂಡಿದ್ದಳು. ಮರುವರ್ಷ ಅದೇ ಬಗೆಯ ಪ್ರಯೋಗ ಈಟನ್‌ವಿಲ್‌ನ ಮಗ್ಗುಲಲ್ಲೇ ಇರುವ ರಾಲಿನ್ಸ್ ಕಾಲೇಜಿನಲ್ಲಿ ನಡೆಯಿತು. ರಂಗದ ಮೇಲೆ ಕಪ್ಪು ಜನ, ನೋಡುವ ಕುರ್ಚಿಗಳಲ್ಲಿ ಅವರಿಗೆ ಪ್ರವೇಶವಿಲ್ಲ. ಯಾರ ಹಣದಲ್ಲಿ, ಯಾರ ಮುಂದೆ ಎಂಬ ಪ್ರಶ್ನೆ ಅಂದಿನಿಂದ ಈ ಪರಂಪರೆಯ ಬೆನ್ನು ಬಿಟ್ಟಿಲ್ಲ.

ಇಂದಿನ ವೇದಿಕೆಯ ಅತಿ ಮರ್ಯಾದೆಗೂ ಕಾರಣವಿದೆ. ಮುಖಕ್ಕೆ ಮಸಿ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುವ ಮಿನ್ಸ್‌ಟ್ರೆಲ್ ಆಟ ಅಮೆರಿಕದ ರಂಗಭೂಮಿಯನ್ನು ಬಹುಕಾಲ ಆಳಿತು. ಗುಲಾಮರು ಕಟ್ಟಿದ ಮೊಲದ ಜಾಣತನದ ಕಥೆಗಳು ಹೊರಜಗತ್ತಿಗೆ ತಲುಪಿದ್ದು ಜೋಯೆಲ್ ಚಾಂಡ್ಲರ್ ಹ್ಯಾರಿಸ್ ಎಂಬ ಬಿಳಿಯ ಪತ್ರಕರ್ತನ ‘ಅಂಕಲ್ ರೀಮಸ್’ ಮೂಲಕ. ಕಥೆ ಇವರದು, ಹೆಸರು ಅವನದು. ಕಪ್ಪು ಲೇಖಕ ರಿಚರ್ಡ್ ರೈಟ್ 1937ರಲ್ಲಿ ಹರ್ಸ್ಟನ್ ಕಾದಂಬರಿಯ ಮೇಲೆ ಹರಿಹಾಯ್ದದ್ದು ಕೂಡ ಈ ಭಯದಿಂದಲೇ. ಬಿಳಿಯರನ್ನು ನಗಿಸುವ ಆ ಹಳೆಯ ಆಟವನ್ನೇ ಅವಳು ಮುಂದುವರಿಸುತ್ತಿದ್ದಾಳೆ ಎಂಬುದು ಅವನ ಆರೋಪ. ಆರೋಪ ಅನ್ಯಾಯದ್ದು, ಭಯ ಸುಳ್ಳಲ್ಲ. ನಮ್ಮವರ ಒರಟು ನಗುವನ್ನು ಪರರ ಮುಂದೆ ಬಿಚ್ಚಿಟ್ಟರೆ ಅದು ಏನಾಗುತ್ತದೆಂದು ಬಲ್ಲ ಜನ, ಅದನ್ನು ಮಡಿಸಿಟ್ಟು ಸ್ಫೂರ್ತಿಯ ಕಥೆಗಳನ್ನು ಮುಂದೆ ಮಾಡಿದರು. ಹಾಗೆ ಮಾಡಿದಾಗ ಹರ್ಸ್ಟನ್‌ಳಂಥವಳು ಪೂಜೆಗೆ ಸಿಗುತ್ತಾಳೆ, ಓದಿಗೆ ಸಿಗುವುದಿಲ್ಲ. ಶಾಲೆಗಳಲ್ಲಿ ವರ್ಣಭೇದ ಕೂಡದೆಂದ ಸುಪ್ರೀಂ ಕೋರ್ಟ್ ತೀರ್ಪನ್ನು 1955ರಲ್ಲಿ ಆರ್ಲಾಂಡೋದ ಪತ್ರಿಕೆಗೆ ಬರೆದು ವಿರೋಧಿಸಿದವಳು ಆಕೆ. ಬಿಳಿಯರ ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ತಮ್ಮ ಮಕ್ಕಳು ಉದ್ಧಾರವಾಗುತ್ತಾರೆ ಎಂಬ ಎಣಿಕೆಯೇ ಅವಮಾನ ಎಂಬುದು ಅವಳ ವಾದ. ಹೂಮಾಲೆ ಹಾಕುವ ಸಭೆಯಲ್ಲಿ ಈ ಪತ್ರವನ್ನು ಎಲ್ಲಿ ಇಡುವುದು?

ಇದಕ್ಕೆ ಒಂದು ಮದ್ದು ಕಂಡುಕೊಂಡವರು ಬಾಲ್ಟಿಮೋರಿನ ಮೇರಿ ಕಾರ್ಟರ್ ಸ್ಮಿತ್ ಮತ್ತು ಫಿಲಡೆಲ್ಫಿಯಾದ ಲಿಂಡಾ ಗಾಸ್. ಇಬ್ಬರೂ 1980ರ ದಶಕದ ಆರಂಭದಲ್ಲಿ ಕಪ್ಪು ಕಥೆಗಾರರ ರಾಷ್ಟ್ರೀಯ ಸಂಘಕ್ಕೆ ಅಡಿಪಾಯ ಹಾಕಿದರು. ಅದರ ಉತ್ಸವ ಒಂದೇ ಊರಿಗೆ ಅಂಟಿಕೊಳ್ಳದೆ ನಗರದಿಂದ ನಗರಕ್ಕೆ ಹೋಗುತ್ತದೆ. ಹೋದ ಕಡೆ ಕಥೆಗಾರರು ಶಾಲೆಗಳಂಥ ಜಾಗಗಳಿಗೂ ಹೊಕ್ಕು ಹೇಳುತ್ತಾರೆ. ಮೂವತ್ತು ಮಕ್ಕಳ ತರಗತಿಯಲ್ಲಿ ಎದುರುತ್ತರ ತಾನಾಗಿ ಬರುತ್ತದೆ. ಆ ಉತ್ಸವದಲ್ಲಿ ಬುರುಡೆ ಬಿಡುವವರ ಪಂದ್ಯವೂ ಇದೆ. ಜಗಲಿಗೆ ಹತ್ತಿರದ ನೆಂಟ ಅದೇ. ಕಲೆಯ ದೃಷ್ಟಿಯಿಂದ ನನ್ನ ಮತ ಈ ದಾರಿಗೆ.

ನಮ್ಮ ಉತ್ತರ ಕನ್ನಡದ, ಆಫ್ರಿಕಾ ಮೂಲದ ಸಿದ್ದಿಗಳನ್ನು ಇಲ್ಲಿ ನೆನೆಯದಿರುವುದು ಹೇಗೆ? ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರು ಹಳೆಬಟ್ಟೆ ಸೇರಿಸಿ ಹೊಲಿಯುವ ಕವದಿಗಳು ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ ಷೋಂಬರ್ಗ್ ಕೇಂದ್ರದ ಗೋಡೆ ಏರಿವೆ. ಹಾರ್ಲೆಮ್ ಅವನ್ನು ಕಲೆಯೆಂದು ನೋಡಿತು. ಇಲ್ಲಿ ನಾವು ಸಿದ್ದಿಗಳ ಡಮಾಮಿ ಕುಣಿತವನ್ನು ಮೆರವಣಿಗೆಯ ಬಣ್ಣವಾಗಿ ನೋಡಿ, ಆಫ್ರಿಕಾದ ನೆನಪೆಂದು ಮೆಚ್ಚಿ, ಕುಣಿಯುವವರು ಕನ್ನಡವನ್ನೂ ಕೊಂಕಣಿಯನ್ನೂ ಆಡುವ ನೆರೆಯವರೆಂಬುದನ್ನು ಮರೆಯುತ್ತೇವೆ. ಈಟನ್‌ವಿಲ್ ತನ್ನ ಉತ್ಸವವನ್ನು ತಾನೇ ನಡೆಸುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ.

ಹಾಗಾಗಿಯೇ ವಕೀಲಿಕೆಯ ಮಾತಿಗೆ ಮರಳಬೇಕು. ಕಪ್ಪು ಮಕ್ಕಳ ಓದಿಗೆಂದು 1897ರಲ್ಲಿ ಈಟನ್‌ವಿಲ್‌ನಲ್ಲಿ ಹಂಗರ್‌ಫರ್ಡ್ ಶಾಲೆ ತೆರೆಯಿತು. ಕಾಲಕ್ರಮೇಣ ಅದರ ಜಮೀನು ಕೌಂಟಿಯ ಶಾಲಾ ಮಂಡಳಿಯ ಕೈಸೇರಿತು. ಉಳಿದಿದ್ದ ಸುಮಾರು ನೂರು ಎಕರೆಯನ್ನು ಮಂಡಳಿ ಖಾಸಗಿ ಬಿಲ್ಡರ್ ಒಬ್ಬನಿಗೆ ಒಂದು ಕೋಟಿ ನಲವತ್ತು ಲಕ್ಷ ಡಾಲರಿಗೂ ಮಿಗಿಲಾದ ಬೆಲೆಗೆ ಮಾರಲು ಹೊರಟಾಗ, ಉತ್ಸವ ನಡೆಸುವ ಅದೇ ಸಂರಕ್ಷಣಾ ಸಂಘ ಕೋರ್ಟಿಗೆ ಹೋಯಿತು. 2023ರಲ್ಲಿ ಮಾರಾಟ ಮುರಿದುಬಿತ್ತು. ವೇದಿಕೆಯ ಕಥೆ ಎಷ್ಟು ಸಪ್ಪೆಯೆಂದು ನಾನು ಎಷ್ಟೇ ಗೊಣಗಿದರೂ, ಮೂರು ದಶಕ ವೇದಿಕೆ ಕಟ್ಟುತ್ತಾ ಬಂದವರಲ್ಲದೆ ಆ ದಾವೆ ಹೂಡಲು ಬೇಕಾದ ಕಾಗದ, ನೆನಪು, ಜನಬಲ ಅಲ್ಲಿ ಬೇರೆ ಯಾರ ಬಳಿಯೂ ಇರಲಿಲ್ಲವೇನೋ.